ಇರುಳುಗಂಬಳಿಯ ಕೆಂಪು ಹೊಲಿಗೆ

ಹರಪನಹಳ್ಳಿ ಬಸ್ ನಿಲ್ದಾಣದ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ರೇಣುಕಾ ಕೆಲಸ ಮಾಡುತ್ತಿದ್ದಳು. ತೆಲಿಗಿಯಿಂದ ಬೆಳಗಿನ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹೋಗುವ ಹುಡುಗಿ. ಪಹಣಿಯಾಗಲಿ, ಮಾರ್ಕ್ಸ್ ಕಾರ್ಡಾಗಲಿ, ಲಗ್ನಪತ್ರಿಕೆಯಾಗಲಿ, ಯಾರು ಏನು ತಂದುಕೊಟ್ಟರೂ ತಲೆ ಎತ್ತದೆ ಮುಗಿಸಿಕೊಡುತ್ತಿದ್ದಳು. ಅವಳ ದನಿ ಹೇಗಿದೆ ಎಂದು ಕೇಳಿದರೆ ದಿನಾ ಬರುವ ಗಿರಾಕಿಗಳೂ ಸ್ವಲ್ಪ ಯೋಚಿಸಬೇಕಾಗುತ್ತಿತ್ತು.

ಒಂದು ಮಧ್ಯಾಹ್ನ ಯಶೋಧಾ ಅಂಗಡಿಗೆ ಬಂದಳು. ಅವಳು ಕೂಡ್ಲಿಗಿಯವಳು, ಇಲ್ಲಿ ಹಾಸ್ಟೆಲ್ಲಿನಲ್ಲಿದ್ದು ಡಿಗ್ರಿ ಓದುತ್ತಿದ್ದಳು. ಓದಿಗಿಂತ ಹೆಚ್ಚು ಹೊತ್ತು ಅವಳು ಫೋನಿನಲ್ಲಿ ‘ಬೂದಿನಾಡು’ ಅಭಿಮಾನಿಗಳ ಗುಂಪನ್ನು ನಡೆಸುತ್ತಿದ್ದಳು. ಬೂದಿನಾಡು ಎಂದರೆ ಐದು ಪುಸ್ತಕಗಳ ಒಂದು ಮಾಯಾಲೋಕದ ಕಥೆ. ಅದು ಈಗ ವೆಬ್ ಸರಣಿಯಾಗುತ್ತಿತ್ತು. ಹಿಂದಿನ ದಿನವಷ್ಟೇ ಟೀಸರ್ ಬಂದಿತ್ತು.

“ಅಕ್ಕಾ, ಒಂದು ಚಿತ್ರ ಕಳ್ಸೀನಿ ನೋಡು. ಸ್ಟಿಕ್ಕರ್ ಹೊಡದು ಕೊಡು. ಅಂಟು ಗಟ್ಟಿ ಇರ್ಲಿ. ಹೋದ ಸಲದ್ದು ನೀರಿನ ಬಾಟ್ಲಿ ಮ್ಯಾಲೆ ನಿಲ್ಲಲೇ ಇಲ್ಲ.”

“ಬಾಟ್ಲಿ ತೊಳಿಯದು ಬಿಡ್ರಿ, ನಿಲ್ತಾವ,” ಎಂದಳು ರೇಣುಕಾ.

“ಅಬ್ಬಾ! ನಿನಗ ಮಾತೂ ಬರ್ತಾವಾ?” ಎಂದು ಯಶೋಧಾ ನಕ್ಕಳು.

ರೇಣುಕಾ ನಗಲಿಲ್ಲ. ಚಿತ್ರ ಆಗಲೇ ಕಂಪ್ಯೂಟರಿನ ಪರದೆಯ ಮೇಲೆ ತೆರೆದುಕೊಂಡಿತ್ತು. ಕಪ್ಪು ಕಂಬಳಿಯ ಒಂದು ಮೂಲೆ. ಅದರ ಮೇಲೆ ಕೆಂಪು ಗುರುತು. ಮೇಲಕ್ಕೆ ಮೂರು ಎಳೆ, ಅವುಗಳನ್ನು ಅಡ್ಡ ಹಾಯ್ದ ಇನ್ನೊಂದು ಎಳೆ, ಕೊನೆಯ ಎಳೆ ಉಳಿದವುಗಳಿಗಿಂತ ದಪ್ಪ ಮತ್ತು ಸೊಟ್ಟ.

“ಇದು ನೇಸರಿಯ ಇರುಳುಗಂಬಳಿ,” ಎಂದಳು ಯಶೋಧಾ. “ಇದನ್ನ ಹೊದ್ದುಕೊಂಡ್ರ ಆಕಿ ಯಾರ ಕಣ್ಣಿಗೂ ಕಾಣಂಗಿಲ್ಲ. ಆದ್ರ ಈ ಕೆಂಪು ಗುರುತು ಐದೂ ಪುಸ್ತಕದಾಗ ಎಲ್ಲೂ ಇಲ್ಲ. ನಿನ್ನೆಯಿಂದ ಅದ ಜಗಳ ನಮ್ಮ ಗುಂಪಿನ್ಯಾಗ. ಒಬ್ಬರು ಆರನೇ ಕಣಿವಿಯ ಮುದ್ರಿ ಅಂತಾರ, ಒಬ್ಬರು ನೇಸರಿಯ ತಾಯಿ ಸತ್ತಿಲ್ಲ ಅನ್ನಾಕ ಸುಳಿವು ಅಂತಾರ. ಕಂಪನಿಯವರು ಆಗಲೇ ಇದರ ಬ್ಯಾಡ್ಜ್ ಮಾಡಿ ಬಿಟ್ಟಾರ. ನೋಡ್ತಿರು, ನಾಳೆ ಟೀಶರ್ಟ್, ನಾಡಿದ್ದು ಚಾ ಕುಡಿಯೋ ಕಪ್ಪು.”

ರೇಣುಕಾಳ ಕೈ ಮೌಸಿನ ಮೇಲೆ ಹಾಗೇ ನಿಂತಿತ್ತು. ಅದು ಕಣಿವೆಯ ಮುದ್ರೆಯಲ್ಲ, ಸುಳಿವೂ ಅಲ್ಲ. ಅದು ಅವಳ ತಾಯಿ ಗಾದೆಮ್ಮ ಹಾಕಿದ ಹೊಲಿಗೆ.

ಕಂಬಳಿ ಅವಳ ಅಣ್ಣ ದುರುಗೇಶನದು. ಒಮ್ಮೆ ರಾತ್ರಿ ಹೊಲದಲ್ಲಿ ಕುರಿ ತರುಬಿ ಕಾವಲು ಮಲಗಿದ್ದಾಗ ಬೆಂಕಿಯ ಕಿಡಿ ಹಾರಿ ಅದರ ಮೂಲೆ ಸುಟ್ಟು ತೂತಾಗಿತ್ತು. ಗಾದೆಮ್ಮನ ಕೈಯಲ್ಲಿ ಆಗ ಕಪ್ಪು ನೂಲು ಇರಲಿಲ್ಲ. ಟಗರಿನ ಕೊರಳಿಗೆ ಕಟ್ಟಿದ್ದ ಕೆಂಪು ಉಣ್ಣೆಯ ಹುರಿಯನ್ನೇ ಬಿಚ್ಚಿ ತೂತು ಮುಚ್ಚಿದಳು. ನಡುವೆ ಸೂಜಿ ಮುರಿಯಿತು. ಕೊನೆಯ ಎಳೆಯನ್ನು ಚೀಲ ಹೊಲಿಯುವ ದಬ್ಬಳದಿಂದ ಎಳೆದಳು. ಅದಕ್ಕೇ ಅದು ದಪ್ಪ, ಅದಕ್ಕೇ ಸೊಟ್ಟ. “ಯವ್ವಾ, ಕಾಗಿ ಕಾಲು ಮಾಡಿದೆಲ್ಲಬೇ ಇದನ್ನ,” ಎಂದು ದುರುಗೇಶ ಗೊಣಗಿದ್ದ. ಗೊಣಗಿದರೂ ಅದನ್ನೇ ಹೊದ್ದು ತಿರುಗಿದ.

ಆ ದುರುಗೇಶ ಮನೆ ಬಿಟ್ಟು ಹೋಗಿ ಎರಡು ಚಳಿಗಾಲ ಕಳೆದಿದ್ದವು.

ಅವನಿಗೆ ಬೂದಿನಾಡಿನ ಹುಚ್ಚು. ಕುರಿಯ ಹಿಂದೆ ಹೋಗುವಾಗಲೂ ಹೆಗಲ ಚೀಲದಲ್ಲಿ ಒಂದು ಪುಸ್ತಕ. ಮನೆಯ ತಗಡಿನ ಪೆಟ್ಟಿಗೆಯಲ್ಲಿ ಅವನು ಕೂಡಿಟ್ಟ ಸಾಮಾನು ಇನ್ನೂ ಇತ್ತು: ಮೊದಲ ಮುದ್ರಣದ ಜೊತೆ ಬಂದ ಕಣಿವೆಗಳ ನಕ್ಷೆ, ನೇಸರಿಯ ನಾಯಿಯ ಚಿತ್ರವಿದ್ದ ಬುಕ್‌ಮಾರ್ಕ್, ದಾವಣಗೆರೆಯ ಪುಸ್ತಕ ಮೇಳದಲ್ಲಿ ಸಾಲುಗಟ್ಟಿ ನಿಂತು ತಂದ ಒಂದು ತವರದ ಬಿಲ್ಲೆ. ಕಥೆ ಪರದೆಗೆ ಬರುತ್ತದೆ, ಅದರಲ್ಲಿ ನಟಿಸಲು ಕುರಿ ಕಾಯುವ ಹುಡುಗರು ಬೇಕಾಗಿದ್ದಾರೆ ಎಂಬ ಸುದ್ದಿ ಬಂದ ದಿನ ಅವನು ರಸ್ತೆಯ ಪಕ್ಕ ನಿಂತು ಫೋನಿನಲ್ಲಿ ಅದನ್ನೇ ಓದುತ್ತಿದ್ದ. ಎರಡು ಮರಿಗಳು ಲಾರಿಗೆ ಸಿಕ್ಕವು. ಅಪ್ಪ ಬಂಗಾರಪ್ಪ ಓಡಿಬಂದು ಮಂದಿಯ ಎದುರು ಅವನ ಕಪಾಳಕ್ಕೆ ಹೊಡೆದ, ಫೋನು ಕಿತ್ತುಕೊಂಡು ಕಲ್ಲಿಗೆ ಬೀಸಿದ. ಅವತ್ತು ಸಂಜೆಯೇ ದುರುಗೇಶ ಹರಪನಹಳ್ಳಿ ಬಸ್ಸು ಹತ್ತಿದ. ಪೊಲೀಸರಿಗೆ ದೂರು ಕೊಟ್ಟರು, ನೆಂಟರಿಷ್ಟರ ಊರೆಲ್ಲ ಹುಡುಕಿದರು. ಅವನ ಸುಳಿವೇ ಸಿಗಲಿಲ್ಲ.

ಇಡೀ ರಾತ್ರಿ ಹುಡುಕಿ ಮರುದಿನ ಬರಿಗೈಯಲ್ಲಿ ಬಂದ ಬಂಗಾರಪ್ಪ ಹೆಂಡತಿಗೆ ಹೇಳಿದ್ದು ಒಂದೇ ಮಾತು: “ಕಂಬಳಿ ತಗೊಂಡು ಹೋಗ್ಯಾನ. ಚಳಿಗೆ ಸಾಯಂಗಿಲ್ಲ.” ಗೂಟದ ಮೇಲೆ ಕಂಬಳಿ ಇರಲಿಲ್ಲ. ಗಾದೆಮ್ಮ ಎರಡು ವರ್ಷ ಆ ಮಾತನ್ನೇ ಹಿಡಿದುಕೊಂಡು ಬದುಕಿದ್ದಳು.

ರೇಣುಕಾ ಕಾಲೇಜು ಬಿಟ್ಟಿದ್ದೂ ಆ ವರ್ಷವೇ. ಅಣ್ಣ ಓದಿದ ಐದೂ ಪುಸ್ತಕಗಳನ್ನು ಅವಳು ಅವನು ಹೋದಮೇಲೆ ಓದಿದಳು. ಯಶೋಧಾಳ ಗುಂಪಿಗೂ ಸೇರಿದಳು. ಒಂದು ದಿನವೂ ಏನೂ ಬರೆಯಲಿಲ್ಲ. ಹೊಸ ಹೆಸರು ಬಂದಾಗಲೆಲ್ಲ, ಇದು ಅವನೇನೋ ಎಂದು ನೋಡುತ್ತಿದ್ದಳು, ಅಷ್ಟೇ.

ಆ ಸಂಜೆ ಅವಳು ಮನೆಗೆ ಬಂದು ತಾಯಿಗೆ ಟೀಸರ್ ತೋರಿಸಿದಳು. ಬಂಗಾರಪ್ಪ ಉಣ್ಣಲು ಕೂತಿದ್ದ.

“ನಿಲ್ಸು, ಅಲ್ಲೇ ನಿಲ್ಸು!” ಎಂದು ಗಾದೆಮ್ಮ ಫೋನಿನ ಮೇಲೆ ಬೆರಳಿಟ್ಟಳು. ಬೆರಳು ತಾಕಿದ್ದಕ್ಕೆ ಚಿತ್ರ ಮತ್ತೆ ಓಡಿತು. ರೇಣುಕಾ ಹಿಂದಕ್ಕೆ ತಂದು ನಿಲ್ಲಿಸಿದಳು. ಗಾದೆಮ್ಮ ಈ ಸಲ ಮುಟ್ಟಲಿಲ್ಲ. ಸೆರಗಿನಿಂದ ಕಣ್ಣು ಒರೆಸಿ ಒರೆಸಿ ನೋಡಿದಳು.

“ನನ್ನ ದಬ್ಬಳದ ಹೊಲಿಗಿ,” ಎಂದಳು. “ಇದನ್ನ ಹೊದ್ದಾಕಿ ಯಾರಬೇ?”

“ನಟಿಯವ್ವಾ. ಪಾತ್ರ ಮಾಡಾಕಿ.”

“ಆಕಿಗೆ ಹೆಂಗ ಸಿಕ್ತು? ದುರುಗ್ಯಾನೇ ಕೊಟ್ಟಿರಬೇಕು. ಅಂದ್ರ ಅವ ಅಲ್ಲೇ ಅದಾನ. ನನ್ನ ಮಗ ಜೀವಂತ ಅದಾನ!”

“ಕಂಬಳಿ ಎಲ್ಲಾ ಒಂದ ನಮೂನಿ ಇರ್ತಾವ,” ಎಂದ ಬಂಗಾರಪ್ಪ, ತಟ್ಟೆ ನೋಡುತ್ತ.

“ಹೊಲಿಗಿನೂ ಒಂದ ನಮೂನಿ ಇರ್ತಾವೇನು? ನೀನ ನೇದದ್ದು, ನಾನ ಹೊಲಿದದ್ದು. ನಿನ್ನ ಕಣ್ಣಿಗೆ ಏನಾಗೇತಿ?”

ಬಂಗಾರಪ್ಪ ಅರ್ಧ ರೊಟ್ಟಿ ಬಿಟ್ಟು ಎದ್ದ. ಕುರಿ ನೋಡಿ ಬರುತ್ತೇನೆಂದು ಹೊರಗೆ ಹೋದ. ಮಗ ಸಿಗುತ್ತಾನೆ ಎಂಬ ಮಾತು ಕೇಳಿಯೂ ಅಪ್ಪ ಹೀಗೆ ಎದ್ದು ಹೋದದ್ದು ರೇಣುಕಾಳಿಗೆ ನುಂಗಲಾರದ ತುತ್ತಾಯಿತು. ಆದರೆ ಆ ಮನೆಯಲ್ಲಿ ಎರಡು ವರ್ಷದಿಂದ ಯಾರೂ ಯಾರನ್ನೂ ಹೆಚ್ಚು ಕೇಳುತ್ತಿರಲಿಲ್ಲ.

ಅವಳು ಮೊದಲ ಸಲ ಗುಂಪಿನಲ್ಲಿ ಬರೆದಳು. ಬರೆದು, ಅಳಿಸಿ, ಮತ್ತೆ ಬರೆದು, ತಪ್ಪು ತಿದ್ದಿ ಕಳಿಸಿದಳು. ಈ ಕಂಬಳಿ ನನ್ನ ಅಣ್ಣ ದುರುಗೇಶನದು, ತೆಲಿಗಿಯವನು, ಎರಡು ವರ್ಷದಿಂದ ಕಾಣೆಯಾಗಿದ್ದಾನೆ, ಆ ಕೆಂಪು ಗುರುತು ನನ್ನ ಅವ್ವ ಹಾಕಿದ ಹೊಲಿಗೆ, ಚಿತ್ರೀಕರಣದ ಜಾಗ ಗೊತ್ತಿದ್ದವರು ದಯವಿಟ್ಟು ತಿಳಿಸಿ.

ಉತ್ತರಗಳು ಸುರಿದವು.

“ಟೀಸರ್ ಬಂದಮ್ಯಾಲೆ ಎಲ್ಲಾರ ಮನ್ಯಾಗೂ ಕಂಬಳಿ ಕಳದಾವ ನೋಡ್ರಪಾ.”

“ನಮ್ಮಜ್ಜಿ ಕೌದಿ ಕಳದೈತಿ. ಎರಡನೇ ಸೀಸನ್‌ನ್ಯಾಗ ಸಿಕ್ಕೀತು, ಕಾಯ್ರಿ.”

“ಅವ ಆ ಕಂಬಳಿ ಹೊದ್ದುಕೊಂಡಾನ ತಂಗಿ, ಅದಕ್ಕ ಕಾಣವಲ್ಲ!”

ಈ ಕೊನೆಯ ಮಾತಿಗೆ ನಗುವ ಮುಖಗಳು ಸಾಲುಗಟ್ಟಿದವು. ರೇಣುಕಾ ಫೋನು ಕವುಚಿ ಹಾಕಿದಳು. ಅಣ್ಣ ಇದನ್ನು ಓದುತ್ತಿದ್ದರೆ ಎಂದುಕೊಂಡು ಮತ್ತೆ ತಿರುಗಿಸಿ, ನಕ್ಕವರ ಹೆಸರುಗಳನ್ನು ಒಂದೊಂದಾಗಿ ನೋಡಿದಳು.

ಮರುದಿನ ಯಶೋಧಾ ಅಂಗಡಿ ತೆರೆಯುವ ಮೊದಲೇ ಬಂದು ಶಟರಿನ ಮುಂದೆ ನಿಂತಿದ್ದಳು. “ಆ ನಂಬರ್ ನಿಂದು ಅಂತ ಗೊತ್ತಾತು. ನಿನ್ನೆ ಈ ಚಿತ್ರ ನೋಡಿ ನಿನ್ನ ಮುಖ ಬಿಳಿಚಿದ್ದು ನೋಡೀನಿ ನಾನು. ನಕ್ಕವರನ್ನ ಗುಂಪಿನಿಂದ ತಗದು ಹಾಕೀನಿ,” ಎಂದಳು. ಆಮೇಲೆ ಫೋನಿನಲ್ಲಿ ಒಂದು ಸುದ್ದಿ ತೋರಿಸಿದಳು. ಸರಣಿಯ ಉಡುಪು ವಿಭಾಗದವರ ಸಂದರ್ಶನ. ಹೊಸ ಕಂಬಳಿ ನಮಗೆ ಬೇಡವಾಗಿತ್ತು, ಮಳೆ ಬಿಸಿಲು ಕಂಡ ಹಳೆಯದು ಬೇಕಿತ್ತು, ಕೊನೆಗೆ ಕೊಟ್ಟೂರಿನ ಒಂದು ಅಂಗಡಿಯಲ್ಲಿ ಸಿಕ್ಕಿತು ಎಂದು ಅವರು ಹೇಳಿದ್ದರು.

“ಕೊಟ್ಟೂರಾಗ ಕಂಬಳಿ ಕೊಳ್ಳೋದು ಮಂಜಣ್ಣ,” ಎಂದಳು ರೇಣುಕಾ. “ನಮ್ಮಪ್ಪ ನೇದದ್ದು ಅವನ ಅಂಗಡಿಗೇ ಹೋಗೂದು.”

ಅಂದರೆ ದುರುಗೇಶ ಆ ಅಂಗಡಿಗೆ ಬಂದಿರಬೇಕು. ಹಸಿವಿಗೋ ಬಸ್ ಚಾರ್ಜಿಗೋ ಕಂಬಳಿ ಕೊಟ್ಟಿರಬೇಕು. ಎಲ್ಲಿಗೆ ಹೋಗುತ್ತೇನೆಂದು ಮಂಜಣ್ಣನಿಗೆ ಹೇಳಿಯೇ ಇರುತ್ತಾನೆ. ಮನೆಯಲ್ಲಿ ಇದನ್ನು ಹೇಳಿದಾಗ ಬಂಗಾರಪ್ಪ ತಟ್ಟನೆ, “ನಾನ ಹೋಗಿ ಬರ್ತೀನಿ. ನೀವು ಬ್ಯಾಡ,” ಎಂದ.

“ನೀ ಹೋಗಿ ಹುಡುಕಿದ್ದು ಸಾಕು,” ಎಂದಳು ಗಾದೆಮ್ಮ.

ಅವಳು ಬೆಳಿಗ್ಗೆ ಎದ್ದು ಸಜ್ಜೆ ರೊಟ್ಟಿ ಬಡಿದಳು, ಶೇಂಗಾ ಚಟ್ನಿ ಕುಟ್ಟಿದಳು, ಬಟ್ಟೆಯಲ್ಲಿ ಗಂಟು ಕಟ್ಟಿದಳು. ಬಸ್ಸಿನಲ್ಲಿ ಆ ಗಂಟು ಅವಳ ತೊಡೆಯ ಮೇಲಿತ್ತು. ಪಕ್ಕದವಳು “ಮಗಳ ಮನಿಗೇನವ್ವ?” ಎಂದು ಕೇಳಿದಾಗ, “ಮಗಗ,” ಎಂದಳು. ಎರಡು ವರ್ಷದಲ್ಲಿ ಅವಳ ಬಾಯಿಂದ ಆ ಮಾತು ಅಷ್ಟು ಸಲೀಸಾಗಿ ಬಂದದ್ದನ್ನು ರೇಣುಕಾ ಕೇಳಿರಲಿಲ್ಲ.

ಮಂಜಣ್ಣನ ಅಂಗಡಿಯ ಹೊರಗೆ ಆಗಲೇ ಬೂದಿನಾಡಿನ ಪೋಸ್ಟರ್ ಅಂಟಿತ್ತು. ಕೆಳಗೆ ಕೈಬರಹದಲ್ಲಿ, ‘ಇರುಳುಗಂಬಳಿ ಇಲ್ಲಿಂದಲೇ ಹೋದದ್ದು’ ಎಂದು ಬರೆದಿತ್ತು. ಕಪ್ಪು ಕಂಬಳಿಗಳ ಮೂಲೆಗೆ ಕೆಂಪು ದಾರದ ಗುರುತು ಹಾಕಿ ಸಾಲಾಗಿ ತೂಗುಬಿಟ್ಟಿದ್ದರು. ಗಾದೆಮ್ಮ ಒಂದೊಂದನ್ನೇ ಹಿಡಿದು ನೋಡಿ ಬಿಟ್ಟಳು. ಎಲ್ಲವೂ ನೆಟ್ಟಗಿನ ಎಳೆಗಳು, ಮಿಷಿನ್ನಿನವು.

“ಬರ್ರಿ ಬರ್ರಿ, ಬಂಗಾರಪ್ಪನ ಮನಿಯವರಲ್ಲೇನ್ರಿ?” ಎಂದು ಮಂಜಣ್ಣ ಎದ್ದ. “ನಿಮ್ಮ ಪುಣ್ಯದಿಂದ ಅಂಗಡಿ ಹೆಸರಾತು ನೋಡ್ರಿ. ಆ ಸಿನಿಮಾದವರು ಬಂದು ಅಟ್ಟದ ಮ್ಯಾಲಿನ ಹಳೇವನ್ನೆಲ್ಲ ಇಳಿಸಿದ್ರು. ನಿಮ್ಮದನ್ನ ನೋಡಿದವರೇ, ಇದ ಬೇಕು ಅಂತ ಕೂತ್ಕೊಂಡ್ರು.”

ಕೇಳು ಎಂದು ಗಾದೆಮ್ಮ ಮಗಳನ್ನು ಮೊಣಕೈಯಿಂದ ತಿವಿದಳು. ರೇಣುಕಾ ಕೇಳಿದಳು: “ಕಾಕಾ, ಅದನ್ನ ಕೊಟ್ಟಾಗ ನಮ್ಮಣ್ಣ ಎಲ್ಲಿಗೆ ಹೋಗ್ತೀನಿ ಅಂದ?”

“ಯಾರು, ದುರುಗೇಶಾ? ಅವ ಎಲ್ಲಿ ಬಂದಿದ್ದ ತಂಗಿ? ಕೊಟ್ಟು ಹೋಗಿದ್ದು ನಿಮ್ಮಪ್ಪ.”

ತಾಯಿ ಮಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಾನು ಏನೋ ಹೇಳಬಾರದ್ದನ್ನು ಹೇಳಿದೆನೆಂದು ಮಂಜಣ್ಣನಿಗೆ ಅನಿಸಿತು. ಆದರೆ ಶುರುಮಾಡಿದ್ದನ್ನು ಮುಗಿಸಲೇಬೇಕಾಯಿತು.

“ಹುಡುಗ ಹೋದ ಮರುದಿನ, ನಸುಕಿನ್ಯಾಗ. ಕದ ಬಡದ. ಹೆಗಲ ಮ್ಯಾಲೆ ಕಂಬಳಿ ಇತ್ತು, ಕಾಲೆಲ್ಲ ಧೂಳು. ಇದನ್ನ ಇಟ್ಟುಕೋ ಮಂಜಣ್ಣ, ಆಮ್ಯಾಲೆ ಒಯ್ತೀನಿ ಅಂದ. ರೊಕ್ಕ ಕೇಳಲಿಲ್ಲ, ಚಾ ಸೈತ ಕುಡೀಲಿಲ್ಲ. ನಾನೂ ಎಷ್ಟು ದಿನ ಇಟ್ಟುಕೊಳ್ಳಲಿ? ಒಯ್ಯಲಿಲ್ಲ ಅವ. ಬಿಟ್ಟೇ ಬಿಟ್ಟಾನ ಅಂತ ತಿಳಕೊಂಡು ಕೊಟ್ಟೆ.”

ಗಾದೆಮ್ಮ ರೊಟ್ಟಿಯ ಗಂಟನ್ನು ಎದೆಗೆ ಒತ್ತಿಕೊಂಡಳು.

“ಹಂಗಾದ್ರ ಅವತ್ತು ನನ್ನ ಮಗಗ ಹೊದಿಯಾಕ ಏನೂ ಇದ್ದಿಲ್ಲ,” ಎಂದಳು.

ತಿರುಗಿ ಬರುವಾಗ ಅವಳು ಬಸ್ಸಿನಲ್ಲಿ ಅದನ್ನೇ ಎರಡು ಮೂರು ಸಲ ಹೇಳಿದಳು, ಯಾರಿಗೂ ಅಲ್ಲ. ರೊಟ್ಟಿಯ ಗಂಟನ್ನು ಬಿಚ್ಚಲಿಲ್ಲ.

ಮನೆಗೆ ಬಂದಾಗ ಬಂಗಾರಪ್ಪ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಸುಮ್ಮನೆ ಕೂತಿದ್ದ. ಮಗ ಹೋದಮೇಲೆ ಅವನು ಆ ಮಗ್ಗಕ್ಕೆ ಹೊಸ ನೂಲಿನ ಹಾಸು ಹಾಕಿರಲಿಲ್ಲ. ಕುರಿ ಕಾಯುವುದಷ್ಟೇ. ಅವರಿಬ್ಬರ ಮುಖ ನೋಡಿ ಎಲ್ಲ ತಿಳಿದುಕೊಂಡ.

“ಮಗನ ಕಂಬಳಿ ಮನಿ ಹೊರಗ ಹಾಕಿದಿ,” ಎಂದಳು ಗಾದೆಮ್ಮ. “ಯಾರದ್ದನ್ನ ಹೊರಗ ಹಾಕ್ತಾರ, ಗೊತ್ತೈತಿಲ್ಲ ನಿನಗ?”

ಅದು ಆ ಮನೆತನದಲ್ಲಿ ಸಣ್ಣ ಮಾತಲ್ಲ. ಗಂಡುಮಗ ಕುರಿಯ ಹಿಂದೆ ಹೋಗಲು ಶುರುಮಾಡಿದಾಗ ಅವನಿಗೊಂದು ಕಂಬಳಿ ನೇದು, ಬೀರಪ್ಪನ ಗುಡಿಯಲ್ಲಿ ಹಾಸಿ, ಭಂಡಾರ ಹಚ್ಚಿ ಕೊಡುತ್ತಾರೆ. ಅದನ್ನು ಇನ್ನೊಬ್ಬರು ಹೊದೆಯುವುದಿಲ್ಲ, ಮಾರುವುದಂತೂ ಇಲ್ಲವೇ ಇಲ್ಲ. ಅದರ ಒಡೆಯ ಸತ್ತಾಗ ಮಾತ್ರ ಅದನ್ನು ಹೊರಗೆ ಹಾಕುತ್ತಾರೆ.

“ಹಾಕಲಿಲ್ಲ,” ಎಂದ ಬಂಗಾರಪ್ಪ. “ಅವ ಅದನ್ನ ಗೂಟದ ಮ್ಯಾಲೆ ಬಿಟ್ಟು ಹೋಗಿದ್ದ. ಎಲ್ಲಿ ಸಿಕ್ಕರ ಅಲ್ಲಿ ಹೊದಿಸಬೇಕಂತ ನಾನ ಹೆಗಲಿಗೆ ಹಾಕ್ಕೊಂಡು ಹೊಂಟೆ. ಹರಪನಹಳ್ಳಿ ಬಸ್ ಸ್ಟ್ಯಾಂಡಿನ್ಯಾಗ ಮಲಗಿದವರನ್ನೆಲ್ಲ ಎಬ್ಬಿಸಿ ನೋಡಿದೆ. ಯಾರೋ ಕೊಟ್ಟೂರು ಕಡೆ ಹೋದ ಅಂದ್ರು. ಸಿಕ್ಕ ಗಾಡಿ ಹತ್ತಿ ಅಲ್ಲಿಗೂ ಹೋದೆ. ಸಿಗಲಿಲ್ಲ. ಅವ ಇಲ್ಲದ ಬರೇ ಕಂಬಳಿ ಹೆಗಲ ಮ್ಯಾಲೆ ಹಾಕ್ಕೊಂಡು ಈ ಮನಿಯಾಗ ಹೆಂಗ ಕಾಲಿಡ್ಲಿ? ನೀ ಅದನ್ನ ನೋಡಿದ್ರ, ಹುಡುಗ ಚಳ್ಯಾಗ ಅದಾನ ಅಂತ ಅವತ್ತೇ ಎದಿ ಒಡಕೊಂಡು ಸಾಯ್ತಿದ್ದಿ. ಅದಕ್ಕ ಅಲ್ಲಿಟ್ಟು ಬಂದೆ. ತರಾಕ ಹೋಗಬೇಕು ಅಂತ ದಿನಾ ಅನ್ಕೊಂಡೆ. ತಂದ್ರ ಸುಳ್ಳು ಹೊರಗ ಬೀಳ್ತಿತ್ತು.”

ಗಾದೆಮ್ಮ ಒಳಗೆ ಹೋದಳು. ರೇಣುಕಾ ಗುಂಡಿಯ ಅಂಚಿನಲ್ಲಿ ಕುಕ್ಕರಗಾಲಿನಲ್ಲಿ ಕೂತಳು. ಅಪ್ಪನ ಮೇಲೆ ಸಿಟ್ಟು ಬರಬೇಕಾಗಿತ್ತು, ಬಂದಿತ್ತು ಕೂಡ. ಆದರೆ ಅದರ ಹಿಂದೆಯೇ ಇನ್ನೊಂದು ಯೋಚನೆ ಬಂತು.

ಅಣ್ಣ ಎಲ್ಲಿದ್ದರೂ ಟೀಸರ್ ನೋಡದೆ ಇರುವವನಲ್ಲ. ಯಾರ ಫೋನು ಕಸಿದುಕೊಂಡಾದರೂ ನೋಡಿರುತ್ತಾನೆ. ಆ ಹೊಲಿಗೆಯನ್ನು ಆರನೇ ಕಣಿವೆಯ ಮುದ್ರೆ ಎಂದು ನಂಬದೆ ಇರುವವನು ಲೋಕದಲ್ಲಿ ಇನ್ನೊಬ್ಬನಿದ್ದರೆ ಅದು ಅವನೇ. ಗೂಟದ ಮೇಲೆ ತಾನು ಬಿಟ್ಟುಬಂದ ಕಂಬಳಿ ಇದು ಎಂದು ಅವನಿಗೆ ಗೊತ್ತಾಗಿರುತ್ತದೆ. ಆಮೇಲೆ ಅವನು ಏನೆಂದುಕೊಂಡಿರುತ್ತಾನೆ? ಮನೆಯವರು ನನ್ನ ಕಂಬಳಿ ಮಾರಿದರು. ಅವರ ಲೆಕ್ಕದಲ್ಲಿ ನಾನು ಸತ್ತೆ.

ಮರಳಿ ಬರುವ ಮನಸ್ಸು ಅವನಿಗೆ ಇಷ್ಟು ದಿನ ಎಲ್ಲೋ ಒಂದಿಷ್ಟು ಇದ್ದಿದ್ದರೂ, ಈಗ ಆ ಬಾಗಿಲೂ ಮುಚ್ಚಿಹೋಗಿರುತ್ತದೆ. ಮೊನ್ನೆ ಇಡೀ ಗುಂಪು ಅದನ್ನು ನೋಡಿ ಕುಣಿದಾಡುತ್ತಿತ್ತು. ಬ್ಯಾಡ್ಜು ಮಾಡಿದ್ದರು. ತಾನೂ ಆ ಸ್ಟಿಕ್ಕರುಗಳನ್ನು ಕೈಯಾರೆ ಅಚ್ಚು ಹಾಕಿ, ಅಂಚು ಸೊಟ್ಟಗಾಗದಂತೆ ಕತ್ತರಿಸಿ ಕೊಟ್ಟಿದ್ದಳು.

“ಅಪ್ಪಾ, ಈಗ ಹೇಳಿದ್ದನ್ನ ಇನ್ನೊಂದ ಸಲ ಹೇಳು,” ಎಂದಳು. ಫೋನು ತೆಗೆದು ಅವನ ಬಾಯಿಯ ಹತ್ತಿರ ಹಿಡಿದಳು. “ಅವ್ವಗಲ್ಲ. ಅವನಿಗೆ ಹೇಳು.”

ಬಂಗಾರಪ್ಪ ಫೋನನ್ನು ಹಾವು ನೋಡಿದಂತೆ ನೋಡಿದ. ಮಗನ ಫೋನು ಒಡೆದ ದಿನದಿಂದ ಅವನು ಯಾವ ಫೋನನ್ನೂ ಕೈಯಲ್ಲಿ ಹಿಡಿದಿರಲಿಲ್ಲ. ಕೈಯನ್ನು ಧೋತರಕ್ಕೆ ಒರೆಸಿಕೊಂಡ. ಆಮೇಲೆ ಅದರ ಕಡೆ ಬಾಗಿದ.

“ದುರುಗ್ಯಾ... ನಾನಪಾ, ನಿಮ್ಮಪ್ಪ. ಕಂಬಳಿ ಮಾರಿಲ್ಲಪಾ. ನಿನಗ ಹೊದಿಸಾಕಂತ ತಗೊಂಡು ಬಂದಿದ್ದೆ. ನೀ ಸಿಗಲಿಲ್ಲ... ನಿನ್ನ ಯಾರೂ ಹೊರಗ ಹಾಕಿಲ್ಲ. ಹೊಡೀಬಾರದಿತ್ತು ನಾನು. ಮರಿ ಹೋದ್ರ ಹೋಗ್ತಿದ್ವು.” ಅಷ್ಟು ಹೇಳಿ ನಿಲ್ಲಿಸಿದ. ಆಮೇಲೆ ಮಗಳ ಕಡೆ ತಿರುಗಿ, “ಸಾಕೇನವ್ವಾ?” ಎಂದು ಕೇಳಿದ. ಅದೂ ದಾಖಲಾಯಿತು. ರೇಣುಕಾ ಅದನ್ನು ತೆಗೆಯಲಿಲ್ಲ.

ಯಶೋಧಾ ಆ ಧ್ವನಿಯನ್ನು ಎಲ್ಲರಿಗೂ ಮೊದಲು ಕಾಣುವಂತೆ ಗುಂಪಿನ ನೆತ್ತಿಯ ಮೇಲೆ ನಿಲ್ಲಿಸಿದಳು. ಬೂದಿನಾಡಿನ ಸುದ್ದಿ ಹಾಕುವ ಬೇರೆ ಪೇಜುಗಳಿಗೂ ಕಳಿಸಿದಳು. ಕೆಂಪು ಗುರುತಿನ ನಿಜವಾದ ಕಥೆ ಎಂದು ಅದು ಊರೂರಿಗೆ ಹರಡಿತು. ಕೆಲವರು ಅತ್ತರು, ಕೆಲವರು ಕ್ಷಮೆ ಕೇಳಿದರು. ಒಬ್ಬ, “ಅಪ್ಪನ ಪಾತ್ರದವರ ದನಿ ಸೂಪರ್. ಎಷ್ಟನೇ ಕಂತಿನಲ್ಲಿ ಬರುತ್ತೆ?” ಎಂದು ಬರೆದ. ಹೂವಿನಹಡಗಲಿಯಿಂದ ಒಬ್ಬರು ಕರೆ ಮಾಡಿ ಅಂಥ ಹುಡುಗನನ್ನು ನೋಡಿದೆ ಎಂದರು. ಬಂಗಾರಪ್ಪ ಅಲ್ಲಿಗೆ ಓಡಿದ. ಅದು ಬೇರೆ ಹುಡುಗ. ಹಗರಿಬೊಮ್ಮನಹಳ್ಳಿಯಿಂದ ಇನ್ನೊಂದು ಕರೆ ಬಂತು. ಅದೂ ಬೇರೆ ಹುಡುಗ.

ಕಂಬಳಿ ಹಿಂದಕ್ಕೆ ಕೊಡಿ ಎಂದು ರೇಣುಕಾ ಕಂಪನಿಗೆ ಬರೆದಳು. ಅದು ಗಾಜಿನ ಪೆಟ್ಟಿಗೆ ಸೇರಿದೆ, ಅಭಿಮಾನಿಗಳ ಪ್ರದರ್ಶನಕ್ಕೆ ಹೋಗುತ್ತದೆ, ನಿಮ್ಮ ಕಥೆ ನಮ್ಮ ಮನ ಕಲಕಿತು ಎಂದು ಉತ್ತರ ಬಂತು. ಜೊತೆಗೆ ಕೊರಿಯರಿನಲ್ಲಿ ಒಂದು ಬ್ಯಾಡ್ಜು. ಗಾದೆಮ್ಮ ಅದನ್ನು ಅಂಗೈಯಲ್ಲಿಟ್ಟು ಬೆಳಕಿಗೆ ಹಿಡಿದಳು, ಕೊನೆಯ ಎಳೆಯ ಮೇಲೆ ಬೆರಳಾಡಿಸಿದಳು.

“ದಬ್ಬಳದ ಹೊಲಿಗಿ ಸೈತ ಹಂಗ ಮಾಡ್ಯಾರ,” ಎಂದಳು. ತಗಡಿನ ಪೆಟ್ಟಿಗೆ ತೆರೆದು, ಮಗ ಕೂಡಿಟ್ಟ ಬಿಲ್ಲೆಯ ಪಕ್ಕದಲ್ಲಿ ಅದನ್ನು ಇಟ್ಟಳು. ಅವನಿಗೆ ಇಂಥವು ಇಷ್ಟ.

ಆ ಚಳಿಗಾಲ ಅವಳು ಕಂಬಳಿ ಹೊದೆಯಲಿಲ್ಲ. ಎಷ್ಟು ಹೇಳಿದರೂ ಕೇಳಲಿಲ್ಲ. ಗಂಡನ ಜೊತೆ ಅವಳು ಮಾತು ಬಿಟ್ಟಿದ್ದಳು. ಆದರೆ ಅವನು ಒಂದು ದಿನ ಮಗ್ಗಕ್ಕೆ ಕಪ್ಪು ಹಾಸು ಹಾಕತೊಡಗಿದಾಗ ನೂಲಿಗೆ ಬಳಿಯುವ ಹುಣಸೆಬೀಜದ ಗಂಜಿ ಕಾಯಿಸಿ ತಂದು ಗುಂಡಿಯ ಹತ್ತಿರ ಇಟ್ಟು ಹೋದಳು. ಈ ಕಂಬಳಿ ಯಾರಿಗೆ ಎಂದು ಕೇಳಲಿಲ್ಲ.

ಈಗ ಬೂದಿನಾಡಿನ ಸುದ್ದಿಯನ್ನು ಗುಂಪಿಗೆ ದಿನಾ ಹಾಕುವುದು ರೇಣುಕಾಳೇ. ಯಾವ ಕಣಿವೆಯ ಸೆಟ್ಟು ಎದ್ದಿತು, ಯಾವ ಪಾತ್ರಕ್ಕೆ ಯಾರು ಬಂದರು, ಹೊಸ ಬಿಲ್ಲೆ ಎಂದು ಸಿಗುತ್ತದೆ, ಎಲ್ಲವನ್ನೂ ತಪ್ಪಿಲ್ಲದಂತೆ ಬರೆಯುತ್ತಾಳೆ. ಕೊನೆಗೆ ಒಂದು ಸಾಲು ದಿನಾ ಇರುತ್ತದೆ: ದುರುಗೇಶ, ತೆಲಿಗಿ, ನಿನ್ನ ಕಂಬಳಿ ಮಾರಿಲ್ಲ.

ಸಂಜೆ ಬಸ್ಸಿಳಿದು ಮನೆಗೆ ಬಂದ ಕೂಡಲೇ ಗಾದೆಮ್ಮ ಕೇಳುತ್ತಾಳೆ: “ನೋಡಿದ್ರಾ?”

“ಬಾಳ ಮಂದಿ ನೋಡ್ಯಾರವ್ವಾ.”

“ಅದರಾಗ ಅವ ಅದಾನಾ?”

“ಅದು ಗೊತ್ತಾಗೂದಿಲ್ಲವ್ವಾ.”

ಗಾದೆಮ್ಮ ಸೆರಗಿನಿಂದ ಫೋನಿನ ಗಾಜು ಒರೆಸಿಕೊಡುತ್ತಾಳೆ. “ನಾಳೆನೂ ಹಾಕು,” ಎನ್ನುತ್ತಾಳೆ.